ನಿಂಬೆಮರದ ಸೀಮಂತ

ಎಣ್ಣೆಯ ಬೆಲೆ ಪಾತಾಳಕ್ಕಿಳಿದ ಆ ವರ್ಷ ಮಸ್ಕತ್ತಿನ ತೈಲ ಕಂಪನಿಗೆ ಉಳಿತಾಯದ ಹುಚ್ಚು ಹಿಡಿಯಿತು. ಅಂಥ ಹುಚ್ಚಿನ ಮೊದಲ ಏಟು ಬೀಳುವುದು ಬಾಯಿಲ್ಲದವರ ಮೇಲೆಯೇ. ದೊಡ್ಡ ಸಾಹೇಬರ ಕಚೇರಿಯ ಮುಂದೆ ಕಾರಂಜಿ ಕುಣಿಯುತ್ತಲೇ ಇತ್ತು. ಅಲ್ ಗುಬ್ರಾ ಬಡಾವಣೆಯಲ್ಲಿದ್ದ ಸಿಬ್ಬಂದಿ ಮನೆಗಳ ಮರಗಳಿಗೆ ಮಾತ್ರ ನೀರು ನಿಂತಿತು, ಮಾಲಿಗಳು ತಮ್ಮ ತಮ್ಮ ದೇಶಕ್ಕೆ ವಿಮಾನ ಹತ್ತಿದರು. ಒಣಗಿದ ಮರಗಳನ್ನು ಕಿತ್ತು, ಅಲ್ಲಿ ಕಲ್ಲು ಹಾಸಿ, ಕಾರು ನಿಲ್ಲಿಸಲು ಜಾಗ ಮಾಡತಕ್ಕದ್ದೆಂದು ಆಜ್ಞೆಯೂ ಹೊರಟಿತು. ನೆರಳನ್ನು ಕಿತ್ತು ಕಾರನ್ನು ಬಿಸಿಲಿಗಿಡುವ ಈ ಬುದ್ಧಿಗೆ ಏನೆನ್ನೋಣ!

ತ್ರಿವೇಣಿಯ ಮನೆಯ ಮುಂದೆ ಒಂದು ನಿಂಬೆಮರವಿತ್ತು. ಒಮಾನಿನ ಒಳನಾಡಿನ ನಿಜ್ವಾ ಊರಿಂದ ಅವಳು ತೊಡೆಯ ಮೇಲಿಟ್ಟುಕೊಂಡು ತಂದ ಸಸಿ ಅದು. ಈಗ ಅಡುಗೆಮನೆಯ ಕಿಟಕಿಯಲ್ಲಿ ಇಣುಕುವಷ್ಟು ಬೆಳೆದಿತ್ತು. ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಉಣಿಸಿ, ಅದನ್ನು ಹೇಗೋ ಬೇಸಿಗೆ ದಾಟಿಸಿದ್ದಳು. ಆಮೇಲೆ ಗಂಡ ಹನುಮಪ್ಪ ನೆರವಿಗೆ ಬಂದ. ಕೇಡು ಶುರುವಾದದ್ದೇ ಅಲ್ಲಿಂದ.

ಹನುಮಪ್ಪ ಎಂಜಿನಿಯರು, ಕೈಪಿಡಿ ಓದದೆ ಮಿಕ್ಸರಿನ ಗುಂಡಿಯನ್ನೂ ಒತ್ತದವನು. ಕೆಲಸ ಕಳೆದುಕೊಂಡು ಅಮೆರಿಕದ ಒಹಾಯೊಗೆ ಮರಳಿದ ನೆರೆಮನೆಯ ಆಂಡ್ರ್ಯೂ, ಹೋಗುವಾಗ ತನ್ನ ಸೀಮೆಯ ಮನೆತೋಟದ ಪುಸ್ತಕವೊಂದನ್ನು ಅವನಿಗೆ ಕೊಟ್ಟಿದ್ದ. ಅಕ್ಟೋಬರ್ ಬಂದೊಡನೆ ನೀರು ತಗ್ಗಿಸಿ, ಎಳೆಮರದ ಕಾಂಡಕ್ಕೆ ಬಟ್ಟೆ ಸುತ್ತಿರಿ, ಹಿಮ ಬೀಳಲಿದೆ ಎಂದು ಅದರಲ್ಲಿತ್ತು. ಹನುಮಪ್ಪ ಬಕೆಟ್ಟಿನ ನೀರು ನಿಲ್ಲಿಸಿ, ಗೋಣಿಪಟ್ಟಿ ತಂದು ನಿಂಬೆಯನ್ನು ಬುಡದಿಂದ ಕೊರಳವರೆಗೆ ಬಿಗಿದ.

“ಏನ್ರೀ, ಮಸ್ಕತ್ತಿನ್ಯಾಗ ಬರ್ಫ ಬೀಳತೈತೇನು?” ಎಂದಳು ತ್ರಿವೇಣಿ.

“ಪುಸ್ತಕದಾಗ ಬರದಾರ.”

“ಬರದಾಂವಗ ಅಲ್ಲೆ ಥಂಡಿ. ಇಲ್ಲೆ ನಿಮಗ ಬನಿಯನ್ ಸುದ್ದಾ ಭಾರ ಆಗೇತಿ, ಗಿಡಕ್ಕ ಕಂಬಳಿ ಹೊಚ್ಚೀರಿ!”

ಅವಳು ಜಗಳವಾಡಿ ಗೋಣಿ ಬಿಚ್ಚಿಸುವಷ್ಟರಲ್ಲಿ ಎಲೆಗಳೆಲ್ಲ ಉದುರಿದ್ದವು. ಹನುಮಪ್ಪನ ಮುಖವೂ ಎಲೆಯುದುರಿದಂತಾಯಿತು.

ಸೀಗಿ ಹುಣ್ಣಿಮೆ ಬಂತು. ತ್ರಿವೇಣಿಯ ತವರಾದ ವಿಜಯಪುರದ ಕಡೆ ಆ ದಿನ ಹೊಲದಲ್ಲಿ ನಿಂತ ಬೆಳೆಯನ್ನು ಬಸುರಿಯೆಂದು ಭಾವಿಸಿ ಉಡಿ ತುಂಬುತ್ತಾರೆ, ಚರಗವೆಂದು ಅನ್ನವನ್ನು ಸುತ್ತ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ತ್ರಿವೇಣಿಗೆ ಹೊಲವಿಲ್ಲ, ಇದ್ದದ್ದು ಈ ಬೋಳು ನಿಂಬೆ. ಅದಕ್ಕೇ ತನ್ನ ಹಸಿರು ಇಳಕಲ್ ಸೀರೆಯನ್ನುಡಿಸಿ, ಬುಡದಲ್ಲಿ ಕಡಬು, ಪುಂಡಿಪಲ್ಯ, ರೊಟ್ಟಿ ಇಟ್ಟಳು. ಹಮ್ರಿಯಾ ಪೇಟೆಯಲ್ಲಿ ಅಂಗಡಿಯಿಟ್ಟು, ಕಂಪನಿಯ ಮನೆಯೊಂದರಲ್ಲಿ ಬಾಡಿಗೆಗಿದ್ದ ಇಸುಬು ಬ್ಯಾರಿಯ ಹೆಂಡತಿ, ನೆರೆಮನೆಯ ಬೀಫಾತಿಮಾ, ಒಂದು ಡಬ್ಬಿ ಗಾಜಿನ ಬಳೆ ಹಿಡಿದು ಓಡಿಬಂದಳು.

“ಬಸುರಿಯ ಕೈ ಬರಿದಿರ್ಬಾರ್ದು ತ್ರಿವೇಣಿಯಕ್ಕ! ಇದರ ಕೈ ಯಾವ್ದು?”

“ಯಾವ ಟೊಂಗಿಗೆ ಏರತಾವ ಅದs ಕೈ!”

ಇಬ್ಬರೂ ನಕ್ಕು ನಕ್ಕು ಟೊಂಗೆಗಳಿಗೆ ಬಳೆ ತೊಡಿಸುತ್ತಿರುವಾಗಲೇ ಕಂಪನಿಯ ಮೇಲ್ವಿಚಾರಕ ಪಿಯುಸ್ ಬಂದ, ಉಡುಪಿ ಕಡೆಯವನು. ಕೀಳಬೇಕಾದ ಮರಗಳಿಗೆ ಗುರುತು ಹಾಕಲು ಅವನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿಯಿತ್ತು. ಸೀರೆಯುಟ್ಟ ಮರವನ್ನು ಕಂಡು ಗಕ್ಕನೆ ನಿಂತ.

“ಎಂಥ ಮಾರಾಯ್ರೇ ಇದು? ಮರಕ್ಕೆ ಸೀಮಂತವಾ?”

“ಹೌದು. ಬಸುರಿಗೆ ಕೊಡಲಿ ಹಾಕ್ತೀರೇನು?” ಎಂದಳು ತ್ರಿವೇಣಿ.

“ಅಕ್ಕ, ಎಲೆ ಒಂದೂ ಇಲ್ಲ. ಒಣಗಿದ್ದನ್ನು ಬಿಟ್ಟರೆ ಮೇಲಿನವರು ನನ್ನನ್ನೇ ಖಲಾಸ್ ಮಾಡ್ತಾರೆ.”

“ಒಂದು ಸುಳ್ಳು ಹೇಳಿದ್ರೆ ಎಂತ ಪಿಯುಸಣ್ಣ?” ಎಂದು ಬೀಫಾತಿಮಾ ನಡುವೆ ಬಾಯಿ ಹಾಕಿದಳು.

“ಬ್ಯಾಡ!” ತ್ರಿವೇಣಿ ನೆಟ್ಟಗೆ ನಿಂತಳು. “ಸುಳ್ಳಿನ ಮ್ಯಾಲ ನಿಂತ ಗಿಡದ ಹಣ್ಣು ನನಗ ಬ್ಯಾಡ. ತೊಗಟಿ ಕೆರದು ನೋಡ್ರಿ. ಒಳಗ ಒಣಗಿದ್ರ ನಿಮ್ಮ ಡಬ್ಬಿ ಇಲ್ಲೆ ಕೊಡ್ರಿ, ಬಣ್ಣ ನಾನs ಹಚ್ಚತೀನಿ.”

ಪಿಯುಸ್ ಮೊದಲು ಟೊಂಗೆಯ ತುದಿಯನ್ನು ಉಗುರಿನಿಂದ ಕೆರೆದ. ಕಂದು. ಕೆಳಗೊಮ್ಮೆ ಕೆರೆದ. ಅಲ್ಲಿಯೂ ಕಂದು. ಹನುಮಪ್ಪ ಬಾಗಿಲ ಮರೆಯಲ್ಲಿ ಕಣ್ಣು ಮುಚ್ಚಿಕೊಂಡ. ಪಿಯುಸ್ ಸಂಕೋಚದಿಂದ, ಪರಸ್ತ್ರೀಯ ಸೆರಗು ಮುಟ್ಟುವವನಂತೆ, ಸೀರೆಯ ನೆರಿಗೆಯನ್ನು ತುಸು ಸರಿಸಿ ಕಾಂಡಕ್ಕೆ ಉಗುರಿಟ್ಟ. ತೆಳುಸಿಪ್ಪೆ ಸರಿಯಿತು. ಒಳಗೆ ಒದ್ದೆ ಒದ್ದೆ ಹಸಿರು!

“ಹಸಿರುಂಟು! ಜೀವ ಉಂಟು ಅಕ್ಕ!” ಎಂದು ಅವನೇ ಕುಣಿದುಬಿಟ್ಟ. “ಒಣಗಿದ ಟೊಂಗೆ ತೆಗೀರಿ, ಸಾಕು. ಬದುಕಿದ ಮರಕ್ಕೆ ನಾನು ಬಣ್ಣ ಹಚ್ಚುದಿಲ್ಲ. ಯಾರು ಬೇಕಾದ್ರೂ ಬಂದು ಕೆರೆದು ನೋಡ್ಲಿ!”

ತ್ರಿವೇಣಿ ಅನ್ನದ ಬುಟ್ಟಿಯನ್ನೆತ್ತಿ, “ಹುಲ್ಲುಲ್ಲಿಗೋ!” ಎಂದು ಹೊಲದ ವಾಡಿಕೆಯಂತೆ ಕೂಗಿ ಚರಗ ಚೆಲ್ಲಿದಳು. ಆ ಕೂಗಿಗೆ ಸಾಲುಮನೆಗಳ ಬಾಗಿಲುಗಳೆಲ್ಲ ತೆರೆದವು. ಸಂಗತಿ ತಿಳಿದದ್ದೇ ತಡ, ಮಂದಿ ತಮ್ಮ ತಮ್ಮ ಅಂಗಳದ ಮರಗಳ ತೊಗಟೆ ಕೆರೆದು ಹಸಿರು ಹುಡುಕಲು ಧಾವಿಸಿದರು. ಕೇರಳದ ನರ್ಸಮ್ಮ “ಪಚ್ಚ!” ಎಂದು ಕಿರುಚಿದಳು, ಲಾಹೋರಿನ ಮುದುಕರು “ಹರಾ ಹೈ!” ಎಂದು ಬೇವನ್ನಪ್ಪಿದರು, ಬೀಫಾತಿಮಾ ತನ್ನ ನುಗ್ಗೆಯನ್ನು ಕೆರೆದು ಕೆರೆದು ಬರಿಗಾಲಲ್ಲಿ ಜಿಗಿಯುತ್ತಿದ್ದಳು. ಹನುಮಪ್ಪನೂ ಉತ್ಸಾಹ ತಾಳಲಾರದೆ, ಮೊದಲೇ ಬದುಕಿದೆಯೆಂದು ಸಾಬೀತಾಗಿದ್ದ ನಿಂಬೆಗೆ ಮತ್ತೊಮ್ಮೆ ಉಗುರು ಹಾಕಲು ಬಗ್ಗಿದ.

ತ್ರಿವೇಣಿ ಅವನ ಕೈಗೆ ಚಟ್ಟನೆ ಒಂದು ಕೊಟ್ಟಳು.

“ಸಾಕ್ರೀ! ಬಾಣಂತನಕ್ಕಾದ್ರೂ ಒಂದಿಷ್ಟು ಚರ್ಮಾ ಉಳಸ್ರಿ!”