ಇಂಚಿನ ಸ್ಪಾನರು

ಬೆಳಿಗ್ಗೆ ಏಳು ಗಂಟೆ. ಸೋಮನಹಳ್ಳಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಅರ್ಪಿತ ಸ್ಪಾನರು ಆರಿಸುತ್ತಿದ್ದಳು. ಹನ್ನೊಂದಕ್ಕೆ ಮೈಸೂರಿನಲ್ಲಿ ಕೆಲಸದ ಪರೀಕ್ಷೆ: ಸಣ್ಣ ವಿಮಾನದ ಎಂಜಿನ್ ಬಿಚ್ಚಿ ತೋರಿಸಬೇಕು, ಸಲಕರಣೆ ಅವಳದೇ ಆಗಬೇಕು. ಆ ಎಂಜಿನ್ನಿನ ನಟ್ಟುಗಳೆಲ್ಲ ಇಂಚಿನ ಅಳತೆಯವು. ಒಂದು ನಟ್ಟಿನ ಮೂಲೆ ಸವೆದರೂ ಕೆಲಸವಿಲ್ಲ.

ಅಪ್ಪ ಜಯಪ್ರಕಾಶ್ ಹದಿಮೂರು ಮಿಲಿಮೀಟರಿನ ಸ್ಪಾನರು ಕೊಟ್ಟ. "ಅರ್ಧ ಇಂಚಿನ ನಟ್ಟಿಗೂ ಇದೇ ಸಾಕು ಕಣವ್ವ. ಮೂವತ್ತು ವರ್ಸದಿಂದ ಇದ್ರಲ್ಲೇ ಬಿಚ್ತಾ ಇವ್ನಿ."

"ನಿನ್ ಟ್ರ್ಯಾಕ್ಟರು ಕೆಟ್ರೆ ಗದ್ದೇಲಿ ನಿಂತ್ಕತದೆ. ಇಮಾನ ಎಲ್ಲಿ ನಿಂತ್ಕತದಪ್ಪ?"

ಅಪ್ಪ ಅರ್ಧ ಇಂಚಿನ ನಟ್ಟೊಂದಕ್ಕೆ ಅದೇ ಸ್ಪಾನರು ಹಾಕಿ ಅಲ್ಲಾಡಿಸಿದ. ಕೂದಲೆಳೆಯಷ್ಟು ಸಡಿಲವಿತ್ತು.

"ನಡಿ, ಮದ್ದೂರಲ್ಲಿ ಇಂಚಿನ ಸೆಟ್ಟು ಸಿಕ್ತದೆ. ಅಂಗ್ಡಿಯವನ್ನ ಮನೆಯಿಂದ್ಲೇ ಎಬ್ಬಿಸ್ತೀನಿ," ಎಂದು ಬೈಕಿನ ಕೀಲಿ ತೆಗೆದುಕೊಂಡ.

ಮುಂದಿನ ಸೋಮವಾರ ಅರ್ಪಿತ ಕೆಲಸಕ್ಕೆ ಸೇರಿದಳು.