ಅರ್ಧ ಪ್ರದಕ್ಷಿಣೆ

ಏನೂ ಇಲ್ಲದ ಜಾಗವನ್ನು ಸುತ್ತುಹಾಕಿ ಹೋಗುವ ಕೈಯೊಂದನ್ನು ನಾನು ಬಲ್ಲೆ. ಹಳದಿ ಬಣ್ಣದ ಕಬ್ಬಿಣದ ಕೈ. ಊಟದ ಡಬ್ಬಿಯ ಮುಚ್ಚಳವನ್ನು ತಗಡು ಒತ್ತುವ ಪ್ರೆಸ್ಸಿನ ಬಾಯಿಂದ ಎತ್ತಿಕೊಂಡು ನೇರವಾಗಿ ಬೆಲ್ಟಿನ ಕಡೆಗೆ ಹೋಗಬೇಕಾದದ್ದು, ನಡುವೆ ಬರಿಯ ಗಾಳಿಯ ಮುಂದೆ ತುಸು ತಡೆದು, ಬದಿಗೆ ಸರಿದು, ಬಳಸಿ ಹೋಗುತ್ತಿತ್ತು. ಹಿಂದಿರುಗುವಾಗಲೂ ಅದೇ ದಾರಿ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹರಿಯುವ ಗೋಮುಖವನ್ನು ದಾಟದೆ, ಅರ್ಧ ಸುತ್ತಿ ಮರಳುವ ಭಕ್ತರಂತೆ. ಅದಕ್ಕೆ ಆ ನಡೆಯನ್ನು ಕಲಿಸಿದವನು ನಾನೇ.

ಆಗಿನ ನನ್ನ ಕೆಲಸವನ್ನು ನಮ್ಮ ತಾಯಿಗೆ ತಿಳಿಸಿ ಹೇಳುವುದು ನನ್ನಿಂದ ಕಡೆಯವರೆಗೂ ಆಗಲಿಲ್ಲ. ಕಾರ್ಖಾನೆಗೆ ರೋಬೋಟ್ ಬರುವ ಮೊದಲೇ ಆ ಕಾರ್ಖಾನೆಯನ್ನು ಅಳೆದು, ಗೋಡೆ, ಕಿಟಕಿ, ಯಂತ್ರಗಳ ಸಮೇತ ಕಂಪ್ಯೂಟರಿನೊಳಗೆ ಕಟ್ಟಬೇಕು. ಅಲ್ಲಿ ನೆರಳಿನಂಥ ರೋಬೋಟೊಂದನ್ನು ನಿಲ್ಲಿಸಿ, ಎಲ್ಲಿಯೂ ತಾಗದಂತೆ ಅದರ ಕೈಗೆ ದಾರಿ ಕಲಿಸಬೇಕು. ಕೊನೆಗೆ ಆ ಪಾಠವನ್ನು ಒಯ್ದು ನಿಜವಾದ ಯಂತ್ರಕ್ಕೆ ತುಂಬಬೇಕು. ಅಪ್ಪ ದಿನವೂ ಸಂಜೆ ಕಾವ್ಯ ಓದುವಾಗ ಗೋಡೆಗೊರಗಿ ಕೇಳುತ್ತ, ಕಣ್ಣಿಗೆ ಕಾಣದ ಅರಮನೆಗಳಲ್ಲಿ ಓಡಾಡಿ ಬೆಳೆದ ನನಗೆ ಇದೇನೂ ಹೊಸತೆನಿಸಲಿಲ್ಲ.

ಡಬ್ಬಿ ಕಾರ್ಖಾನೆ ನಾನೊಬ್ಬನೇ ಹೊತ್ತುಕೊಂಡ ಮೊದಲ ಕೆಲಸ. "ಮಾಲೀಕರು ನೋಡಿ ಒಪ್ಪಿದರೆ ಮುಂದಿನವೂ ನಿನಗೇ. ಇಲ್ಲದಿದ್ದರೆ ಮತ್ತೆ ಇನ್ನೊಬ್ಬರ ನಕ್ಷೆ ತಿದ್ದುತ್ತ ಕೂಡು" ಎಂದು ನಮ್ಮ ಮುಖ್ಯಸ್ಥರು ಕಳಿಸಿದ್ದರು. ಊಟದ ಹೊತ್ತಿನಲ್ಲೂ ಪ್ರೆಸ್ ನಿಲ್ಲಬಾರದು ಎಂಬುದೇ ಮಾಲೀಕರ ಆಸೆ.

ಅಳತೆಗೆ ಹೋದ ದಿನ ಕಾರ್ಖಾನೆ ಮದುವೆಮನೆಯ ಹಾಗಿತ್ತು. ನೆಲ ತೊಳೆದು ಬಾಗಿಲಿಗೆ ರಂಗೋಲಿ ಹಾಕಿದ್ದರು. ಮೇಸ್ತ್ರಿ ದುಂಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಪ್ರೆಸ್ಸಿಗೂ ಬೆಲ್ಟಿಗೂ ನಡುವೆ, ಕಿಟಕಿಯ ಕೆಳಗೆ, ನಲ್ಲಿಯ ಪಕ್ಕದಲ್ಲಿ ಒಳ್ಳೆಯ ಖಾಲಿ ಜಾಗವಿತ್ತು.

"ಇಲ್ಲಿ ಏನೂ ಇಡೂದಿಲ್ಲೇನು?" ಎಂದು ಕೇಳಿದೆ.

"ಏನೂ ಇಲ್ರೀ ಸಾಹೇಬ್ರ. ಕಾರ್ಖಾನಿ ಹುಟ್ಟಿದಾಗಿಂದ ಈ ಜಾಗಾ ಖಾಲೀನ ಐತಿ."

ಹಿಂದೆ ನಿಂತಿದ್ದ ಪಾಲಿಷ್ ವಿಭಾಗದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾಚಿಕೆಯೆಂದುಕೊಂಡೆ.

ಕಂಪ್ಯೂಟರಿನಲ್ಲಿ ನನ್ನ ರೋಬೋಟ್ ಆ ಖಾಲಿ ಜಾಗದ ಮೇಲೆ ಹಕ್ಕಿಯಂತೆ ಹಾರಾಡಿತು. ನಿಜವಾದದ್ದು ಬಂತು, ಸುತ್ತಲೂ ಬೆಳಕಿನ ಬೇಲಿ ಹಾಕಿದೆವು. ಆ ಕಾಣದ ಕಿರಣವನ್ನು ಯಾರಾದರೂ ದಾಟಿದರೆ ಯಂತ್ರ ಇದ್ದಲ್ಲೇ ನಿಲ್ಲಬೇಕು. ಬೆಳಿಗ್ಗೆಯೆಲ್ಲ ಚೆನ್ನಾಗಿ ನಡೆಯಿತು. ಮಧ್ಯಾಹ್ನ ನಿಂತಿತು. ನಾನು ಮೇಲಿನ ಕೋಣೆಯಿಂದ ಇಳಿದು ಬರುವಷ್ಟರಲ್ಲಿ ಮತ್ತೆ ನಡೆಯುತ್ತಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

"ಯಾರಾದ್ರೂ ಒಳಗ ಹೋಗಿದ್ರೇನು?"

"ಯಾರು ಹೋಗ್ತಾರ್ರೀ? ಅದಕ್ಕೂ ಹಸಿವಿ ಆಗತಿರಬೇಕು, ಪಾಪ," ಎಂದ ದುಂಡಪ್ಪ.

ನನ್ನ ಅಳತೆಯನ್ನೇ ಅನುಮಾನಿಸಿದೆ. ಬೇಲಿ ಬಿಚ್ಚಿ ಮತ್ತೆ ಕಟ್ಟಿದೆ. ಶನಿವಾರ ಹನುಮಂತನಿಗೆ ಎಲೆಪೂಜೆ ಮಾಡಿಸಿದೆ. ಮಾಲೀಕರು ನೋಡಲು ಬರುವ ದಿನ ಹತ್ತಿರವಾಗುತ್ತಿತ್ತು. ಯಂತ್ರ ಮಾತ್ರ ತಪ್ಪದೆ ಮಧ್ಯಾಹ್ನದ ವ್ರತ ಹಿಡಿದಿತ್ತು.

ಒಂದು ಮಧ್ಯಾಹ್ನ ಬೇಸತ್ತು ಮೇಲೆ ಕಣ್ಣು ಮುಚ್ಚಿ ಕುಳಿತಿದ್ದೆ. ಪ್ರೆಸ್ಸಿನ ಸದ್ದು ನಿಂತಿತು. ಆ ಮೌನದೊಳಗಿಂದ ಮೆಲ್ಲನೆ ತಾಳವೊಂದು ಎದ್ದಿತು: ತಟ್ ತಟ್ ತಟ್, ಒಂದು ಬಿಡುವು, ಮತ್ತೆ ತಟ್ ತಟ್. ಅಪ್ಪನ ಪದ್ಯಕ್ಕೆ ಅಡುಗೆಮನೆಯಿಂದ ಬೀಳುತ್ತಿದ್ದ ತಾಳವದು. ಕೇಳಿದೊಡನೆ ಗುರುತು ಹತ್ತಿತು. ಚಪ್ಪಲಿ ಬಿಟ್ಟು, ಸದ್ದಾಗದಂತೆ ಇಳಿದೆ.

ಖಾಲಿ ಜಾಗದಲ್ಲಿ ಒಲೆ ಉರಿಯುತ್ತಿತ್ತು. ಪಾಲಿಷ್ ವಿಭಾಗದ ಹಿರಿಯಳು ನೀಲವ್ವ ಕಾಲು ಚಾಚಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸುತ್ತ ಅರ್ಧ ಕಾರ್ಖಾನೆ ತಾಟು ಹಿಡಿದು ಕೂತಿತ್ತು. ಮೇಲೆ ನನ್ನ ರೋಬೋಟ್ ನಡುಹಾದಿಯಲ್ಲಿ ಕೈ ಚಾಚಿ ಸ್ತಬ್ಧವಾಗಿತ್ತು. ಆ ಕೈಗೆ ಶೇಂಗಾ ಚಟ್ನಿಯ ಚೀಲ ತೂಗುಬಿಟ್ಟಿದ್ದರು.

ನನ್ನನ್ನು ಕಂಡು ದುಂಡಪ್ಪನ ಕೈಯಲ್ಲಿನ ತುತ್ತು ಅಲ್ಲೇ ಉಳಿಯಿತು.

"ಭಾಳ ಗುಣವಂತ ಐತ್ರಿ ನಿಮ್ಮ ಮಿಷನ್ನು," ಎಂದಳು ನೀಲವ್ವ, ರೊಟ್ಟಿ ತಿರುವಿ ಹಾಕುತ್ತ. "ಒಳಗ ಕಾಲಿಟ್ರ ಸಾಕು, ನಿಂದರತೈತಿ. ನಮ್ಮನಿಯವ್ರು ಸಾಯೋತನಕ ಒಂದ್ ದಿನಾನೂ ಹಿಂಗ ಮಾತ ಕೇಳಲಿಲ್ಲ."

"ಅಳತಿಗೆ ಬಂದಾಗ ಇದೆಲ್ಲಾ ಎಲ್ಲಿತ್ತು?"

"ಮಂದಿ ನೋಡಾಕ ಬರ್ತಾರಂದ್ರ ಯಾರರೆ ಒಲಿ ಮುಂದ ಇಟ್ಟ ಕೂಡ್ತಾರೇನ್ರಿ?" ಎಂದ ದುಂಡಪ್ಪ. "ನಲ್ಲಿ ಇಲ್ಲೇ, ಕಿಟಕಿ ಇಲ್ಲೇ, ಹೊಗಿ ಹೊರಗ ಹೋಗತೈತಿ. ಒಳಗ ಬೆಂಕಿ ಹಚ್ಚಿದಾವ್ರನ್ನ ಅವತ್ತ ಮನಿಗೆ ಕಳಸ್ತೀನಿ ಅಂತ ಮಾಲಕ್ರು ಹೇಳ್ಯಾರ. ಹೇಳಿದ್ರ ನೀಲವ್ವನ ನೌಕರಿ ಹೋಗತಿತ್ರಿ."

ಹೇಳದಿದ್ದರೆ ನನ್ನ ಈ ಕೆಲಸ ಕೈಬಿಟ್ಟು ಹೋಗುತ್ತಿತ್ತು. ಅಷ್ಟರಲ್ಲಿ ನೀಲವ್ವ ಬಿಸಿ ರೊಟ್ಟಿಯೊಂದನ್ನು ತಾಟಿಗೆ ಹಾಕಿ ನನ್ನ ಮುಂದೆ ಸರಿಸಿದಳು. ಚಟ್ನಿ ಬೇಕಾದರೆ ರೋಬೋಟಿನ ಕೈಯಿಂದ ಇಳಿಸಿಕೊಳ್ಳಬೇಕಾಗಿತ್ತು. ಇಳಿಸಿಕೊಂಡೆ.

ಅಂದು ಸಂಜೆ ಕಂಪ್ಯೂಟರಿನೊಳಗಿನ ಕಾರ್ಖಾನೆಯಲ್ಲಿ ಒಲೆ, ಹಿಟ್ಟಿನ ಡಬ್ಬ, ನೀಲವ್ವ ಚಾಚಿದ ಕಾಲು ಎಲ್ಲ ಹಿಡಿಸುವಷ್ಟು ದೊಡ್ಡದೊಂದು ಪೆಟ್ಟಿಗೆಯನ್ನು ನೆಲದಿಂದ ಸೂರಿನವರೆಗೆ ನಿಲ್ಲಿಸಿದೆ. ಪ್ರತಿ ವಸ್ತುವಿಗೂ ಹೆಸರು ಕೊಡದೆ ಕಂಪ್ಯೂಟರು ಬಿಡುತ್ತಿರಲಿಲ್ಲ. "ಕಂಬ" ಎಂದು ಬರೆದೆ. ಕೈ ಅದರ ಹತ್ತಿರಕ್ಕೂ ಸುಳಿಯದಂತೆ ದಾರಿ ಬಳಸಿ ಹಾಕಿದೆ. ಬೆಳಕಿನ ಬೇಲಿಯನ್ನು ಈಚೆಗೆ ಸರಿಸಿ ಒಲೆಯನ್ನು ಹೊರಗೆ ಬಿಟ್ಟೆ. ಮರುದಿನ ಮಧ್ಯಾಹ್ನ ರೊಟ್ಟಿಯೂ ಬೆಂದಿತು, ಪ್ರೆಸ್ಸೂ ನಡೆಯಿತು.

ಮಾಲೀಕ ಗುರುಸಿದ್ಧಪ್ಪನವರು ಬಂದ ದಿನ ಒಲೆ ಮತ್ತೆ ಮಾಯವಾಗಿ ನೆಲ ಫಳಫಳ ಹೊಳೆಯುತ್ತಿತ್ತು. ಅಷ್ಟು ಸ್ವಚ್ಛವಾದದ್ದೇ ಕಂಟಕವಾಯಿತು. ಅವರು ಕೈಕಟ್ಟಿ ಬಹಳ ಹೊತ್ತು ನೋಡಿದರು.

"ಇದ್ಯಾಕ ಹಿಂಗ ಸುತ್ತುಹಾಕಿ ಹೊಂಟೈತಿ?"

"ಅಲ್ಲೊಂದು ಕಂಬ ಅದ ರೀ," ಎಂದುಬಿಟ್ಟೆ.

ಅವರು ನಡೆದು ಹೋಗಿ ಆ ಜಾಗದಲ್ಲಿ ನಿಂತರು. ಗಾಳಿಯಲ್ಲಿ ಕೈಯಾಡಿಸಿದರು. "ಕಂಬ?"

"ಕಟ್ಟೂದೈತ್ರಿ, ಮುಂದ," ಎಂದ ದುಂಡಪ್ಪ.

"ಮುಂದ ಕಟ್ಟೂ ಕಂಬಕ್ಕ ಈಗ ಹೆದರತೈತಿ? ಭಾಳ ಶ್ಯಾಣ್ಯಾ ಐತಿ ಬಿಡು."

ನೀಲವ್ವ ಪಾಲಿಷ್ ಚಕ್ರದ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ಸೆರಗಿನ ತುದಿಗೆ ಒಂದಿಷ್ಟು ಹಿಟ್ಟು ಅಂಟಿತ್ತು. ಅದನ್ನು ನಾನು ನೋಡಿದೆ. ಮಾಲೀಕರೂ ನೋಡುತ್ತಿದ್ದಾರೆಂಬುದನ್ನೂ ನೋಡಿದೆ. ಇನ್ನು ನನ್ನ ಕೆಲಸವೊಂದೇ ಅಲ್ಲ, ನೀಲವ್ವನ ನೌಕರಿಯೂ ಹೋದಂತೆ ಎಂದುಕೊಂಡು ಮನಸ್ಸಿನಲ್ಲೇ ಅಪ್ಪನ ಪದ್ಯವೊಂದನ್ನು ಹಿಡಿದೆ.

ಗುರುಸಿದ್ಧಪ್ಪನವರು ಡಬ್ಬಿಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕುಳಿತರು. ಡಾಕ್ಟರರು ಹೇಳಿದರೆಂದು ಅವರ ಮನೆಯಲ್ಲಿ ಉಪ್ಪು, ಎಣ್ಣೆ, ಖಾರ ಮೂರನ್ನೂ ಬಿಡಿಸಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು.

"ನಮ್ಮ ಅಪ್ಪನ ಕಾಲದಾಗ ಈ ಕಂಬ ಬದನಿಕಾಯಿ ಎಣಗಾಯಿ ಮಾಡತಿತ್ತು," ಎಂದರು ನಿಧಾನವಾಗಿ. "ಸಣ್ಣಾಂವ ಇದ್ದಾಗ ನಾನೂ ಉಂಡೀನಿ. ಇವತ್ತೇನು ಮಾಡೈತಿ, ನೀಲವ್ವಾ?"

ನೀಲವ್ವ ತಲೆಯೆತ್ತಿದಳು. "ಪುಂಡಿಪಲ್ಯಾರೀ, ಧಣ್ಯಾರ."

"ಉಪ್ಪು ಹಾಕೀರೇನು?"

"ಉಪ್ಪಿಲ್ದ ಹೆಂಗ್ರಿ?"

"ಹಾಂಗಾರ ತರ್ರಿ."

ಪ್ರೆಸ್ಸಿನ ಹಿಂದಿನಿಂದ ಪಲ್ಯ ಬಂತು, ತಗಡಿನ ಹಾಳೆ ಪೇರಿಸಿದ ಸಂದಿಯಿಂದ ರೊಟ್ಟಿ ಬಂತು. ನನ್ನ ಕಂಪ್ಯೂಟರಿನ ಚೀಲದೊಳಗಿಂದ ಚಟ್ನಿ ಬಂತು. ಅದನ್ನು ಅಲ್ಲಿ ಯಾರು ಇಟ್ಟರೋ ನನಗೆ ಇಂದಿಗೂ ತಿಳಿಯದು. ಉಂಡು ಕೈತೊಳೆದ ಮೇಲೆ ಮಾಲೀಕರು ಹೇಳಿದ್ದು ಎರಡೇ ಮಾತು. ಒಳಗೆ ಬೆಂಕಿ ಕೂಡದು, ಕಿಟಕಿಯಾಚೆ ತಗಡಿನ ಸೂರು ಹಾಕಿಸಿ ಒಲೆ ಅಲ್ಲಿಗೆ ಒಯ್ಯಿರಿ ಎಂಬುದೊಂದು. ಇಲ್ಲಿ ಉಂಡದ್ದು ತಮ್ಮ ಮನೆಯವರೆಗೆ ಹೋಗಕೂಡದು ಎಂಬುದು ಇನ್ನೊಂದು. ನನ್ನ ಕಾಗದಕ್ಕೆ ರುಜು ಹಾಕಿದರು.

ಜಾಗ ಈಗ ನಿಜವಾಗಿಯೂ ಖಾಲಿಯಾಯಿತು. ದಾರಿಯನ್ನು ನೇರ ಮಾಡಲೇ ಎಂದು ಕೇಳಿದೆ. "ಇರಲಿ ಬಿಡ್ರಿ," ಎಂದಳು ನೀಲವ್ವ, "ರೂಢಿ ಆಗೈತಿ ಅದಕ್ಕ."

ಎಷ್ಟೋ ವರ್ಷಗಳ ಮೇಲೆ ಮತ್ತೊಮ್ಮೆ ಆ ಕಡೆ ಹೋಗಿದ್ದೆ. ದುಂಡಪ್ಪ ಇರಲಿಲ್ಲ, ನೀಲವ್ವನೂ ಇರಲಿಲ್ಲ. ಗುರುತಿಲ್ಲದ ಮುಖಗಳ ನಡುವೆ ನಿಂತೆ. ಮಧ್ಯಾಹ್ನವಾಗಿತ್ತು. ಕಿಟಕಿಯಾಚೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಬಣ್ಣ ಮಾಸಿದ ಆ ಕೈ ಮುಚ್ಚಳವನ್ನೆತ್ತಿಕೊಂಡು ಬಂದು, ಖಾಲಿ ನೆಲದ ಮುಂದೆ ತುಸು ತಡೆದು, ಬದಿಗೆ ಸರಿದು, ಅರ್ಧ ಸುತ್ತಿ, ಅದನ್ನು ಬೆಲ್ಟಿನ ಮೇಲಿಳಿಸಿ, ಬಂದ ದಾರಿಯಲ್ಲೇ ಮೆಲ್ಲನೆ ಮರಳಿತು.