ಕಣದ ಮೇಲಿನ ಧೂಮಕೇತು

ಕಾಫಿ ಅಂಗಡಿಯ ಹೊಸಿಲು ದಾಟುವ ಮೊದಲೇ ಅರ್ಗಿರೋಗೆ ತನ್ನ ಮೇಲೆ ಕಟ್ಟಿದ ಪದ ಕೇಳಿಸಿತು. ಕ್ರೀಟಿನ ಆ ಬೆಟ್ಟದೂರಿನಲ್ಲಿ ಯಾರನ್ನಾದರೂ ಹಂಗಿಸಬೇಕೆಂದರೆ ಬೈಯುವುದಿಲ್ಲ, ಎರಡು ಸಾಲಿನ ಪದ ಕಟ್ಟುತ್ತಾರೆ. ಈ ಪದ ಕಟ್ಟಿದವನು ಅವಳ ಚಿಕ್ಕಪ್ಪನ ಮಗ ಮನೂಸೋಸ್.

‘ಬಾಲದ ಚುಕ್ಕಿಗೆ ಬಲೆಯ ಬೀಸಲು ಬೆಟ್ಟ ಏರಿದಳು ಟೀಚರಮ್ಮ,
ಬುಟ್ಟಿ ಬಿಚ್ಚಿದರೆ ಬಾಲವೂ ಇಲ್ಲ, ಬರೀ ಬೆಂದ ಶಾವಿಗೆ ನೋಡಮ್ಮ!’

ಅಂಗಡಿಯೆಲ್ಲ ಗೊಳ್ಳೆಂದು ನಕ್ಕಿತು. ಒಲೆಯ ಮುಂದಿದ್ದ ಅಂಗಡಿಯೊಡತಿ ವಾಂಗೆಲಿಯೋ ಕೂಡ ಏಪ್ರನ್ನಿನಲ್ಲಿ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕಳು. ಪದಕ್ಕೆ ಪದದಲ್ಲೇ ಉತ್ತರ ಕೊಡಬೇಕು, ಕೊಡದವರು ಸೋತಂತೆ. ಊರಿನ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದ ಅರ್ಗಿರೋಗೆ ಅದೊಂದು ಬಾರದು. ಅಜ್ಜಿಯ ಮಗ್ಗದ ಕೆಳಗೆ ಕೂತು ನೂರಾರು ಪದ ಕೇಳಿ ಬೆಳೆದವಳು, ಅಷ್ಟೂ ಬಾಯಿಗೆ ಬರುತ್ತಿದ್ದವು. ತನ್ನದೆಂಬ ಒಂದು ಪದ ಮಾತ್ರ ಎಂದೂ ಹುಟ್ಟಿರಲಿಲ್ಲ.

‘‘ನಗು, ನಗು’’ ಎಂದು ಅವಳು ಕುರ್ಚಿ ಎಳೆದು ಕೂತಳು. ‘‘ಇವತ್ತಿನ ಸಂಜೆ ಇನ್ನೂ ಬಾಕಿ ಇದೆ ಕಣೋ ಮನೂಸೋ.’’

‘‘ಇವತ್ತೇ ಕೊನೇದು ಅಕ್ಕಾ. ನಾಳೆಯಿಂದ ನಿನ್ನ ಧೂಮಕೇತು ಸೂರ್ಯನ ಬೆಳಕಲ್ಲಿ ಮುಳುಗಿಹೋಗತ್ತೆ ಅಂತ ನೀನೇ ಹೇಳಿದ್ದೀಯ. ಕಾಂಕ್ರೀಟ್ ಲಾರಿಯವನಿಗೂ ನಾಳೆಗೇ ಹೇಳಿಟ್ಟಿದ್ದೀನಿ.’’

ಊರಾಚೆ ಸಂತ ಯೋಹಾನನ ಪುಟ್ಟ ಗುಡಿಯ ಪಕ್ಕದಲ್ಲಿ ಇಬ್ಬರಿಗೂ ಸೇರಿದ ಅಜ್ಜನ ಕಣವಿತ್ತು. ಚಪ್ಪಡಿ ಹಾಸಿದ ದುಂಡನೆಯ ಕಣ, ಪಡುವಣಕ್ಕೆ ಬರೀ ಕಡಲು. ಗೋಧಿ ತೂರುವವರು ಯಾರೂ ಉಳಿದಿಲ್ಲವಾದ್ದರಿಂದ ಅಲ್ಲಿ ಕಾಂಕ್ರೀಟ್ ಸುರಿದು ಚೀಸ್ ಮಾಡುವ ಶೆಡ್ಡು ಹಾಕಬೇಕೆಂಬುದು ಮನೂಸೋಸನ ಹಟ. ಆಕಾಶ ನೋಡಲು ಅಂಥ ಜಾಗ ಇನ್ನೊಂದಿಲ್ಲವೆಂಬುದು ಅರ್ಗಿರೋಳ ಹಟ. ಜಗಳ ಬೆಳೆದಾಗ ಇದೇ ಅಂಗಡಿಯಲ್ಲಿ ಎಲ್ಲರೆದುರು ಅವನು ಮಾತು ಕೊಟ್ಟಿದ್ದ: ಅಲ್ಲಿಂದ ಧೂಮಕೇತುವಿನ ನೆಟ್ಟಗಿರುವ ಒಂದೇ ಒಂದು ಚಿತ್ರ ತಂದರೆ ಕಣ ಅವಳದು. ಆದರೆ ಇಷ್ಟು ಸಂಜೆ ಕಾದು ಟೆಲಿಸ್ಕೋಪಿನಿಂದ ತೆಗೆದ ಚಿತ್ರಗಳಲ್ಲೆಲ್ಲ ಚುಕ್ಕಿಗಳು ಶಾವಿಗೆ ಎಳೆಗಳಂತೆ ಉದ್ದಕ್ಕೆ ಎಳೆದುಕೊಂಡಿದ್ದವು.

‘‘ಸಂತನಿಗೊಂದು ದೀಪ ಹಚ್ಚು ಟೀಚರಮ್ಮ’’ ಎಂದ ಮನೂಸೋಸ್. ‘‘ಆಗಸ್ಟಲ್ಲಿ ಅವನ ಹಬ್ಬದ ಬೆಳಗ್ಗೆ ಸೂರ್ಯನೇ ಗುಡಿಯ ಕಿಟಕಿಯಿಂದ ನೆಟ್ಟಗೆ ನುಗ್ಗಿ ಅವನ ಕಾಲಿಗೆ ಬೀಳ್ತಾನೆ. ನಿನ್ನ ಚುಕ್ಕಿಗಳಿಗೆ ಅಷ್ಟು ಭಯಭಕ್ತಿ ಇಲ್ಲ.’’

ಮತ್ತೆ ನಗು. ಅರ್ಗಿರೋ ಮಾತ್ರ ತುಟಿಗೆ ಒಯ್ಯುತ್ತಿದ್ದ ಬಟ್ಟಲನ್ನು ಕೆಳಗಿಟ್ಟಳು.

‘‘ಏನಂದೆ?’’

‘‘ಏನಿಲ್ಲಪ್ಪ, ತಮಾಷೆ.’’

‘‘ನಿನ್ನ ಬಾಯಿಗೆ ಜೇನು ಬೀಳಲಿ!’’ ಎಂದವಳೇ ಕಾಫಿ ಬಿಟ್ಟು ಎದ್ದು ಹೊರಟಳು.

ಟೆಲಿಸ್ಕೋಪನ್ನು ಹೊತ್ತ ಯಂತ್ರ ಆಕಾಶದ ಜೊತೆಗೇ ತಿರುಗಬೇಕಾದರೆ ಅದರ ಅಚ್ಚು ಧ್ರುವದ ಕಡೆಗೆ ನೆಟ್ಟಿರಬೇಕು, ತಪ್ಪಿದರೆ ಚುಕ್ಕಿಗಳು ಶಾವಿಗೆಯಾಗುತ್ತವೆ. ಕಣದ ಬಡಗಣಕ್ಕೆ ಗೋಡೆಯಂತೆ ನಿಂತ ಬಂಡೆ ಧ್ರುವನಕ್ಷತ್ರವನ್ನು ಮರೆಮಾಡಿತ್ತು. ಬಂಡೆಯಲ್ಲಿ ಕಬ್ಬಿಣದ ಅಂಶವಿದ್ದು ದಿಕ್ಸೂಚಿಯ ಮುಳ್ಳೂ ಹುಚ್ಚುಹುಚ್ಚಾಗಿ ಆಡುತ್ತಿತ್ತು. ಅದಕ್ಕೇ ಅವಳು ಗುಡಿಯನ್ನು ನಂಬಿದ್ದಳು. ಗುಡಿಯ ಬಲಿಪೀಠ ಇರುವುದು ಪೂರ್ವಕ್ಕೆ. ಊರಿನಲ್ಲಿ ಗೋರಿ ತೋಡುವವರೂ ದಿಕ್ಕು ಹಿಡಿಯುವುದು ಅದರಿಂದಲೇ. ಆದರೆ ಕಟ್ಟಿದವರು ಹಗ್ಗ ಎಳೆದದ್ದು ಹಬ್ಬದ ದಿನ ಹುಟ್ಟಿದ ಸೂರ್ಯನಿಗೆ! ಆಗಸ್ಟಿನ ಕೊನೆಯಲ್ಲಿ ಅವನಿನ್ನೂ ಬಡಗಣಕ್ಕೆ ವಾಲಿಯೇ ಹುಟ್ಟುತ್ತಾನೆ, ಗುಡಿಯ ಪೂರ್ವ ನಿಜವಾದ ಪೂರ್ವವಲ್ಲ. ಚಿಕ್ಕಂದಿನಿಂದ ಪ್ರತಿ ವರ್ಷ ಅವಳು ಆ ಬೆಳಕಿಗೆ ಕೈಮುಗಿದಿದ್ದಳು, ಒಂದು ಸಲವೂ ಲೆಕ್ಕ ಹಾಕಿರಲಿಲ್ಲ.

ಗುಡಿಯ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು ‘‘ನಿನ್ನ ತಪ್ಪಲ್ಲ ಸ್ವಾಮಿ, ನನ್ನದು’’ ಎಂದಳು. ಹಿಂದೆ ಹೇಸರಗತ್ತೆಗಳನ್ನು ಸುತ್ತಿಸಲು ನೆಡುತ್ತಿದ್ದ ಮೇಟಿಕಂಬದ ಗುಂಡಿ ಕಣದ ನಡುವೆ ಹಾಗೇ ಇತ್ತು. ಅದರಲ್ಲಿ ನೆಟ್ಟಗೊಂದು ಗಳ ನಿಲ್ಲಿಸಿದಳು. ಬೆಳಗಿನ ನೆರಳಿನ ತುದಿ ಅಂಚಿನ ಕಲ್ಲನ್ನು ಮುಟ್ಟಿದಲ್ಲಿ ಇದ್ದಿಲಿನ ಗುರುತು ಹಾಕಿ, ಘಮ್ಮೆನ್ನುವ ಕಾಡುಸೊಪ್ಪಿನ ಪೊದೆಯ ಪಕ್ಕ ಕೂತು ಕಾದಳು. ನೆರಳು ಮೋಟಾಗಿ ಒಳಗೆ ಸರಿಯಿತು, ಗುಡಿಯ ಕಡೆ ತಿರುಗಿತು, ಮತ್ತೆ ಬೆಳೆದು ಇನ್ನೊಂದು ಪಕ್ಕದಲ್ಲಿ ಅಂಚನ್ನು ಮುಟ್ಟಿತು. ಎರಡು ಗುರುತುಗಳ ನಡುವೆ ದಾರ ಎಳೆದು, ಮಡಿಸಿ, ಮಧ್ಯ ಹಿಡಿದಳು. ಗುಂಡಿಯಿಂದ ಆ ಮಧ್ಯಕ್ಕೆ ಎಳೆದ ಗೆರೆಯೇ ನಿಜವಾದ ಬಡಗಣ. ಗುಡಿ ತೋರಿಸಿದ್ದಕ್ಕೂ ಇದಕ್ಕೂ, ಕೈ ಚಾಚಿ ಅಳೆದರೆ, ಒಂದು ಅಂಗೈ ಅಗಲದಷ್ಟು ವ್ಯತ್ಯಾಸ!

ಆ ಗೆರೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡನ್ನು ಊರಿದಳು. ಗಾಳಿಗೆ ಅಲುಗದಂತೆ ಅದಕ್ಕೆ ಕಲ್ಲು ತುಂಬಿದ ಚೀಲ ಕಟ್ಟಿದಳು. ಅಚ್ಚನ್ನು ಊರಿನ ಅಕ್ಷಾಂಶಕ್ಕೆ ಎತ್ತಿ ಬಿಗಿದಳು. ಒಂದು ಕಡೆ ಟೆಲಿಸ್ಕೋಪು ಕ್ಯಾಮೆರಾ, ಇನ್ನೊಂದು ಕಡೆ ಭಾರದ ಗುಂಡು. ಬೆರಳು ತಾಕಿದರೆ ಸಾಕು ತಿರುಗಬೇಕು, ಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು, ಹಾಗೆ ತೂಗಿಸಿದಳು. ಕಡಲಿನಲ್ಲಿ ಸೂರ್ಯ ಮುಳುಗಿ ಮೊದಲ ಚುಕ್ಕಿ ಮೂಡಿದಾಗ ಅದು ಸಾಸಿವೆಯಷ್ಟಾಗುವವರೆಗೆ ಫೋಕಸ್ ತಿರುಗಿಸಿದಳು.

ಅಷ್ಟರಲ್ಲಿ ರಾಕಿ ಸಾರಾಯಿಯ ಬಾಟಲಿ ಹಿಡಿದು ಮನೂಸೋಸ್, ಅವನ ಹಿಂದೆ ವಾಂಗೆಲಿಯೋ, ಅವಳ ಹಿಂದೆ ಅರ್ಧ ಕಾಫಿ ಅಂಗಡಿ ಬಂತು.

‘‘ಶಾವಿಗೆ ಬೆಂತಾ ಅಕ್ಕಾ?’’

‘‘ಹತ್ತಿರ ಬರಬೇಡ. ನೀನು ಹೆಜ್ಜೆ ಇಟ್ರೆ ಚಪ್ಪಡಿ ನಡುಗತ್ತೆ.’’

‘‘ದಪ್ಪಗಿದ್ದೀನಿ ಅಂತಾ ಇದ್ದಾಳೆ ನೋಡಿ!’’

‘‘ಸುಳ್ಳೇನು ಹೇಳಿದಳು? ಸುಮ್ನಿರೋ’’ ಎಂದು ವಾಂಗೆಲಿಯೋ ಗದರಿದಳು.

ಕಡಲಿನ ಮೇಲೆ ಮಸುಕಾಗಿ ಧೂಮಕೇತು ಕಂಡಿತು. ಅರ್ಗಿರೋ ಕೈಯಲ್ಲಿದ್ದ ರಿಮೋಟಿನ ಗುಂಡಿ ಒತ್ತಿದಳು. ಕ್ಯಾಮೆರಾ ಕಣ್ಣು ತೆರೆದೇ ಇತ್ತು. ಅವಳ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು. ಕೊನೆಗೆ ‘ಟಕ್’ ಎಂದಿತು.

ಪರದೆಯ ಮೇಲೆ ಚಿತ್ರ ಮೂಡಿತು. ಅವಳು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಒಂದೊಂದು ಚುಕ್ಕಿಯೂ ಸೂಜಿಯ ಮೊನೆ. ನಡುವೆ ಹಸಿರು ತಲೆ, ಅದರಿಂದ ಮೇಲಕ್ಕೆ ಬಿಚ್ಚಿದ ಜಡೆಯಂತೆ ಬಾಲ. ಆ ಬಾಲದೊಳಗಿಂದಲೂ ಚುಕ್ಕಿಗಳು ಇಣುಕುತ್ತಿದ್ದವು.

‘‘ಅಯ್ಯೋ ತಾಯೀ’’ ಎಂದಳು ವಾಂಗೆಲಿಯೋ.

ಮನೂಸೋಸ್ ಬಗ್ಗಿ ನೋಡಿದ, ಟೋಪಿ ತೆಗೆದ, ಮತ್ತೆ ನೋಡಿದ. ಜನ ಅವನ ಬಾಯನ್ನೇ ನೋಡುತ್ತಿದ್ದರು. ಅವನಿಗೆ ಪದ ಹೊರಡಲಿಲ್ಲ. ಆಗ ಅರ್ಗಿರೋಳ ಬಾಯಿಂದ, ಅವಳಿಗೇ ಅಚ್ಚರಿಯಾಗುವಂತೆ, ಒಂದು ಪದ ಜೋರಾಗಿ, ರಾಗದ ಸಮೇತ ಹೊರಬಂತು:

‘ಕಾಳನು ತೂರಿ ಹೊಟ್ಟನು ಕಳೆದರು ಕಣದಲಿ ಹಿರಿಯರು ಅಂದು,
ಕತ್ತಲೆ ತೂರಿ ಬೆಳಕನು ತೆಗೆದೆನು ಅದೇ ಕಣದಲಿ ನಾನಿಂದು!’

ಕಣ ‘ಹೋ’ ಎಂದು ಎದ್ದಿತು. ಯಾರೋ ಶಿಳ್ಳೆ ಹಾಕಿದರು. ವಾಂಗೆಲಿಯೋ ಓಡಿಬಂದು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮನೂಸೋಸ್ ಬಾಟಲಿಯನ್ನು ಅಕ್ಕನ ಕೈಗಿಟ್ಟು ಜೇಬಿನಿಂದ ಮೊಬೈಲು ತೆಗೆದ.

‘‘ಹಲೋ, ನಾಳೆ ಲಾರಿ ಬೇಡ ಕಣೋ’’ ಎಂದ, ಎಲ್ಲರಿಗೂ ಕೇಳುವಂತೆ. ‘‘ಜಾಗ ಖಾಲಿ ಇಲ್ಲ. ನಮ್ಮಕ್ಕ ಒಕ್ಕಣೆ ಶುರು ಮಾಡಿದ್ದಾಳೆ!’’